ಒಂದೇ ಅಕ್ಕಿ, ಎರಡು ಲಾಭ: 8ನೇ ತರಗತಿಯ ಒಂದು ಪಾಠದ ಅನುಭವ

ಇಂಟರ್ನ್‌ಶಿಪ್‌ನ ಎರಡನೇ ವಾರ. ಲಾಭ–ನಷ್ಟದ ಪಾಠಕ್ಕೆ ಪೀಠಿಕೆಯಾಗಿ, "ಲೆಕ್ಕ ಮಾಡುವುದನ್ನೇ ಉದ್ಯೋಗ ಮಾಡಿಕೊಂಡವರು ಯಾರಾದರೂ ಗೊತ್ತಾ?" ಎಂದು ಕೇಳಿದ್ದೆ. ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರ ಎಂದು ಬರೆದಿದ್ದುದು "ಬ್ಯಾಂಕಿನವರು". ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು. "ನಮ್ಮಕ್ಕ ಸಿ.ಎ. ಮಿಸ್. ಮದುವೆಯಾಗಿ ಅಮೆರಿಕಕ್ಕೆ ಹೋಗ್ತಾಳೆ. ಅಲ್ಲಿ ಮತ್ತೆ ಪರೀಕ್ಷೆ ಬರೀಬೇಕಂತೆ. ಅಲ್ಲಿನ ಲೆಕ್ಕ ಬೇರೆನಾ ಮಿಸ್?"

ನಾನು ನಗುತ್ತಲೇ, "ಗಣಿತ ಎಲ್ಲ ಕಡೆಯೂ ಒಂದೇ ಕಣಮ್ಮ. ಮತ್ತೆ ಯಾಕೆ ಬರೀಬೇಕು?" ಎಂದು ಹೇಳಿ ಮುಂದಿನ ಹಂತಕ್ಕೆ ಹೋದೆ. ಪೀಠಿಕೆಗೆ ಇಟ್ಟಿದ್ದ ಐದು ನಿಮಿಷ ಮುಗಿದಿತ್ತು.

ಮರುದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ನನ್ನ ಮಾತನ್ನು ಮನೆಯಲ್ಲಿ ಹೇಳಿದ್ದಳಂತೆ. ಅವರಪ್ಪ ಕಿರಾಣಿ ಅಂಗಡಿ ಇಟ್ಟಿರುವವರು. "ಮೇಡಮ್ಮೇ ಬೇಡ ಅಂತಾರೆ, ನಿನಗ್ಯಾಕೆ ಇನ್ನೊಂದು ಪರೀಕ್ಷೆಯ ಖರ್ಚು?" ಎಂದು ದೊಡ್ಡ ಮಗಳ ಮೇಲೆ ರೇಗಿದ್ದರಂತೆ. "ಅಕ್ಕ ಊಟ ಮಾಡ್ಲಿಲ್ಲ ಮಿಸ್" ಎಂದಳು. ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು ನಾನು, ಲೆಕ್ಕಶಾಸ್ತ್ರ ಓದಿದವಳಲ್ಲ. ಆದರೂ ತರಗತಿಯಲ್ಲಿ ನಿಂತು ಹೇಳಿದ ಮಾತು ಆ ಮನೆಯಲ್ಲಿ ತೀರ್ಪಾಗಿ ಹೋಗಿತ್ತು.

ಅಂದು ಸಂಜೆ ನಮ್ಮ ಸಂಬಂಧಿಕರಲ್ಲಿ ಸಿ.ಎ. ಆಗಿರುವ ಅಣ್ಣನೊಬ್ಬನಿಗೆ ಫೋನ್ ಮಾಡಿದೆ. ಅವನು ಮೊದಲು ಕೇಳಿದ್ದು, "ಲೆಕ್ಕ ಮಾಡೋದು ಬೇರೆ, ಲೆಕ್ಕಕ್ಕೆ ಸಹಿ ಹಾಕೋದು ಬೇರೆ ಅಂತ ಹೇಳಿದೆಯಾ?" ನಾನು ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ನಮ್ಮಲ್ಲಿ ಸಿ.ಎ. ಎಂಬ ಅರ್ಹತೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಿಂದ ಬಂದದ್ದು. ಕಂಪನಿಯ ಲೆಕ್ಕ ಪರಿಶೋಧಿಸಿ ಸಹಿ ಹಾಕುವ ಹಕ್ಕನ್ನು ಕೊಡುವುದು ಈ ದೇಶದ ಕಾನೂನು. ಅದರ ಬಲ ಈ ದೇಶದ ಗಡಿಯವರೆಗೆ ಮಾತ್ರ. ಅಮೆರಿಕದಲ್ಲಿ ಆ ಹಕ್ಕು ಸಿ.ಪಿ.ಎ. ಪರವಾನಗಿ ಇದ್ದವರದು, ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ. ಪರೀಕ್ಷೆ ನಾಲ್ಕು ಭಾಗ, ಒಂದೊಂದೂ ನಾಲ್ಕು ಗಂಟೆ. 2024ರಿಂದ ಮೂರು ಭಾಗ ಎಲ್ಲರಿಗೂ ಕಡ್ಡಾಯ, ನಾಲ್ಕನೆಯದನ್ನು ಅಭ್ಯರ್ಥಿ ಆರಿಸಿಕೊಳ್ಳಬೇಕು. ಉತ್ತೀರ್ಣರಾಗಲು 75 ಬೇಕು. (ಇದು ಶೇಕಡ 75 ಅಲ್ಲ, 0ಯಿಂದ 99ರವರೆಗಿನ ಅಳತೆಯಲ್ಲಿ 75. ಶೇಕಡಾವಾರು ಕಲಿಸುವಾಗ ಒಳ್ಳೆಯ ಉದಾಹರಣೆ, ನಾನು ಇನ್ನೂ ಬಳಸಿಲ್ಲ.) ಆಸ್ಟ್ರೇಲಿಯಾದಂಥ ಕೆಲವು ದೇಶಗಳ ಸಂಸ್ಥೆಗಳೊಡನೆ ಅಮೆರಿಕದವರಿಗೆ ಪರಸ್ಪರ ಮಾನ್ಯತೆಯ ಒಪ್ಪಂದವಿದೆ, ಅಲ್ಲಿಯವರು ನಾಲ್ಕೂ ಭಾಗ ಬರೆಯಬೇಕಿಲ್ಲ. ನಮ್ಮ ಸಂಸ್ಥೆಯೊಡನೆ ಅಂಥ ಒಪ್ಪಂದವಿಲ್ಲ. ಹಾಗಾಗಿ ನಮ್ಮ ಸಿ.ಎ. ಪೂರ್ತಿ ಪರೀಕ್ಷೆ ಬರೆಯಬೇಕು. ಕಂಪನಿಯೊಳಗೆ ಕುಳಿತು ಲೆಕ್ಕಪತ್ರದ ಕೆಲಸ ಮಾಡಲು ಈ ಪರವಾನಗಿ ಕಡ್ಡಾಯವಲ್ಲ. ಪರಿಶೋಧಕರಾಗಿ ಸಹಿ ಹಾಕಲು ಬೇಕೇ ಬೇಕು.

ಇದಿಷ್ಟನ್ನು 8ನೇ ತರಗತಿಗೆ ಹೇಳಿದರೆ ಭಾಷಣವಾಗುತ್ತದೆ. "ಅಲ್ಲಿನ ಲೆಕ್ಕ ಬೇರೆನಾ?" ಎಂಬ ಪ್ರಶ್ನೆಗಂತೂ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಅಣ್ಣ ಕೊಟ್ಟ ಒಂದು ಸುಳಿವು ಹಿಡಿದು ಮರುದಿನದ ಪಾಠಯೋಜನೆಯನ್ನೇ ಬದಲಿಸಿದೆ.

ಮೊದಲು, ನಿನ್ನೆಯ ಹಿಂದಿನ ದಿನ ನಾನು ಕೊಟ್ಟ ಉತ್ತರ ತಪ್ಪು ಎಂದು ಹೇಳಿದೆ. ತರಗತಿ ಸ್ವಲ್ಪ ಹೊತ್ತು ಗಪ್‌ಚಿಪ್. ಆಮೇಲೆ ಕಪ್ಪುಹಲಗೆಯ ಮೇಲೆ ಈ ಸಮಸ್ಯೆ ಬರೆದೆ: ಅಂಗಡಿಯವರು 10 ಚೀಲ ಅಕ್ಕಿಯನ್ನು ಚೀಲಕ್ಕೆ 1,000 ರೂಪಾಯಿಯಂತೆ ತಂದರು. ಬೆಲೆ ಏರಿದ ಮೇಲೆ ಇನ್ನೂ 10 ಚೀಲವನ್ನು 1,200ರಂತೆ ತಂದರು. 12 ಚೀಲವನ್ನು 1,500ರಂತೆ ಮಾರಿದರು. ಲಾಭವೆಷ್ಟು?

ಮಾರಾಟದ ಹಣ 18,000. ಇದರಲ್ಲಿ ತಕರಾರಿಲ್ಲ. ಆದರೆ ಮಾರಿದ 12 ಚೀಲದ ಅಸಲು ಎಷ್ಟು? "ಹಳೇ ಚೀಲ ಮೊದಲು ಖಾಲಿ ಮಾಡ್ಬೇಕು ಮಿಸ್, ಇಲ್ಲಾಂದ್ರೆ ಹುಳ ಬೀಳುತ್ತೆ" ಎಂದಳು ಅದೇ ಹುಡುಗಿ. ಸರಿ: ಹಳೆಯ 10 ಚೀಲಕ್ಕೆ 10,000, ಹೊಸ 2 ಚೀಲಕ್ಕೆ 2,400, ಒಟ್ಟು 12,400. ಲಾಭ 5,600. ಎರಡನೇ ಗುಂಪಿಗೆ, ಕೊನೆಗೆ ತಂದದ್ದರ ಬೆಲೆಯನ್ನೇ ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದೆ: ಹೊಸ 10ಕ್ಕೆ 12,000, ಹಳೆಯ 2ಕ್ಕೆ 2,000, ಒಟ್ಟು 14,000. ಲಾಭ 4,000.

"ಯಾವುದು ತಪ್ಪು ಮಿಸ್?" ಇಡೀ ತರಗತಿಯ ಪ್ರಶ್ನೆ ಇದೇ. ಒಬ್ಬ ಆಗಲೇ ಎರಡನೆಯದಕ್ಕೆ ಕೆಂಪು ಗೀಟು ಎಳೆದಿದ್ದ. ಕೂಡುವುದು, ಕಳೆಯುವುದು, ಗುಣಿಸುವುದು ಎರಡರಲ್ಲೂ ಸರಿ ಎಂದು ಅವರಿಂದಲೇ ತಾಳೆ ನೋಡಿಸಿದೆ. ಎರಡನೇ ಬಗೆಯನ್ನು ಅಮೆರಿಕದ ಲೆಕ್ಕಪತ್ರ ನಿಯಮಗಳು ಒಪ್ಪುತ್ತವೆ. ನಮ್ಮ ನಿಯಮಗಳು ಒಪ್ಪುವುದಿಲ್ಲ. ಹಿಂದಿನ ಬೆಂಚಿನಿಂದ, "ಲಾಭ ಕಡಿಮೆ ತೋರಿಸಿದ್ರೆ ತೆರಿಗೆಯೂ ಕಡಿಮೆ ಅಲ್ವಾ ಮಿಸ್?" ಎಂಬ ಮಾತು ಬಂತು. ಹೌದು, ಬೆಲೆ ಏರುತ್ತಿರುವಾಗ ಆ ಬಗೆಯನ್ನು ಆರಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಅಲ್ಲಿ ಪರಿಶೋಧಕರಾಗಿ ಸಹಿ ಹಾಕುವವರಿಗೆ ಅಲ್ಲಿನ ಇಂಥ ನಿಯಮ, ಅಲ್ಲಿನ ತೆರಿಗೆ ಕಾನೂನು ಗೊತ್ತಿದೆಯೇ ಎಂದು ಪರೀಕ್ಷೆಯಲ್ಲಿ ನೋಡುತ್ತಾರೆ ಎಂದೆ.

ಒಂದು ಕಡೆ ಎಡವಿದೆ. ಎರಡನೇ ಬಗೆಯಲ್ಲಿ ಹೊಸ ಚೀಲಗಳನ್ನೇ ಮೊದಲು ಮಾರುತ್ತಾರೆ ಎಂದು ಮಕ್ಕಳು ತಿಳಿದುಕೊಂಡರು. ಅಂಗಡಿಯಿಂದ ಯಾವ ಚೀಲ ಹೊರಗೆ ಹೋದರೂ ಆಗಬಹುದು, ಹಿಂದುಮುಂದಾಗುವುದು ಪುಸ್ತಕದಲ್ಲಿ ಬರೆಯುವ ಬೆಲೆ ಮಾತ್ರ ಎಂಬುದನ್ನು ನಾನು ಮೊದಲೇ ಹೇಳಬೇಕಿತ್ತು. ಬೆಂಕಿಪೊಟ್ಟಣಗಳನ್ನು ಚೀಲವೆಂದು ಜೋಡಿಸಿ, ಬೆಲೆಯ ಚೀಟಿಗಳನ್ನು ಅವುಗಳಿಗೆ ಅಂಟಿಸದೆ ಬೇರೆಯಾಗಿ ಇಟ್ಟಿದ್ದರೆ ಈ ಗೊಂದಲ ಆಗುತ್ತಿರಲಿಲ್ಲ. ನಾನು ಅಂಟಿಸಿಬಿಟ್ಟಿದ್ದೆ. ಮೌಲ್ಯಮಾಪನಕ್ಕೆ ಉಳಿದ 8 ಚೀಲದ ಬೆಲೆ ಕೇಳಿದೆ. 9,600, 8,000 ಎಂಬ ಎರಡೂ ಉತ್ತರವನ್ನು ಅರ್ಧಕ್ಕಿಂತ ಹೆಚ್ಚು ಮಕ್ಕಳು ತಂದರು.

ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ, "ಪಠ್ಯದಿಂದ ಹೊರಗೆ ಹೋಗಿದೆ, ಸಮಯ ಪಾಲನೆ ಇಲ್ಲ" ಎಂದು ಬರೆದರು. ಒಪ್ಪುತ್ತೇನೆ. ಎಂಟು ನಿಮಿಷ ಹೆಚ್ಚಾಗಿತ್ತು.

ಬೆಲ್ ಆದ ಮೇಲೆ ಆ ಹುಡುಗಿ, "ಇದನ್ನ ಅಪ್ಪಂಗೆ ಬರೆದುಕೊಡಿ ಮಿಸ್, ನಾನು ಹೇಳಿದ್ರೆ ನಂಬಲ್ಲ" ಎಂದಳು. ಒಂದು ಹಾಳೆಯಲ್ಲಿ ಅಕ್ಕಿ ಚೀಲದ ಎರಡೂ ಲೆಕ್ಕ ಬರೆದೆ. ಮೊನ್ನೆ ನಾನು ಹೇಳಿದ್ದು ತಪ್ಪು, ಪರೀಕ್ಷೆ ಬರೆಯದೆ ಅಲ್ಲಿ ಪರಿಶೋಧಕಿಯಾಗಲು ಬರುವುದಿಲ್ಲ, ಹೊರಡುವ ಮೊದಲೇ ಬೆಂಗಳೂರಿನ ಕೇಂದ್ರದಲ್ಲಿ ಬರೆಯಲು ಅವಕಾಶವಿದೆ ಎಂದು ಕೆಳಗೆ ಬರೆದು ಸಹಿ ಹಾಕಿದೆ.

ಸೋಮವಾರ ಕೇಳಿದೆ. ಅಪ್ಪ ಹಾಳೆಯನ್ನು ಎರಡು ಸಲ ಓದಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರಂತೆ. ಏನೂ ಹೇಳಲಿಲ್ಲವಂತೆ. ರಾತ್ರಿ ಊಟಕ್ಕೆ ಕೂತಾಗ, "ಪರೀಕ್ಷೆ ಬೆಳಿಗ್ಗೆನೋ ಮಧ್ಯಾಹ್ನನೋ?" ಎಂದು ಅಕ್ಕನನ್ನು ಕೇಳಿದರಂತೆ.