ಗುಲಾಬಿ ಕೊಡುವ ಮುನ್ನ ಒಂದು ಕಿವಿಮಾತು

ಮಕ್ಕಳೇ,

ಫೆಬ್ರುವರಿ 14 ಹತ್ತಿರ ಬಂತೆಂದರೆ ನಮ್ಮ ಬೂವನಹಳ್ಳಿಯಲ್ಲೂ ಅದೇ ವಾದ. ‘ಪ್ರೇಮಿಗಳ ದಿನ ನಮ್ಮ ಸಂಸ್ಕೃತಿಯಲ್ಲ’ ಅನ್ನುವವರು ಒಂದು ಕಡೆ. ‘ಇಷ್ಟಪಟ್ಟವರಿಗೆ ಒಂದು ಹೂ ಕೊಟ್ಟರೆ ಯಾರಪ್ಪನ ಗಂಟು ಹೋಗುತ್ತದೆ’ ಅನ್ನುವವರು ಇನ್ನೊಂದು ಕಡೆ. ದಿನಾ ಬಸ್ಸು ಹತ್ತಿ ಹಾಸನದ ಕಾಲೇಜಿಗೆ ಹೋಗಿಬರುವ ನೀವು ಎರಡೂ ಕಡೆ ಇದ್ದೀರಿ. ಹಿರಿಯನೆಂಬ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕಿವಿಗೆ ಹಾಕಿಕೊಳ್ಳಿ.

ಹೊರಗಿನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ತಳ್ಳಬೇಡಿ. ನಮ್ಮ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ ಬಂದದ್ದು. ಹಾಸನಕ್ಕೆ ಹೆಸರು ತಂದ ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಬೆಟ್ಟಗಳು. ಸಾರಿಗೆ ಹಾಕುವ ಮೆಣಸಿನಕಾಯಿ ಕೂಡ ಕಡಲು ದಾಟಿಯೇ ಬಂತು. ಮುದ್ದೆ ಪರದೇಶದ್ದೆಂದು ಯಾರೂ ಅದನ್ನು ತಟ್ಟೆಯಿಂದ ಎತ್ತಿಡುವುದಿಲ್ಲ. ಈ ನೆಲ ಬಂದದ್ದನ್ನು ಬಿತ್ತಿ, ಬೆಳೆದು, ಉಪಯೋಗಕ್ಕೆ ಬಂದರೆ ಉಳಿಸಿಕೊಂಡಿದೆ. ಪ್ರೇಮಿಗಳ ದಿನಕ್ಕೂ ಅದೇ ಪರೀಕ್ಷೆ ಸಾಕು. ರೋಮಿನ ಒಬ್ಬ ಸಂತನ ಹೆಸರಿನ ದಿನ ಅದು. ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಅದನ್ನು ಹಕ್ಕಿಗಳು ಜೋಡಿಯಾಗುವ ದಿನವೆಂದು ಹಾಡಿದ. ನಮ್ಮ ಪೇಟೆಗಳಿಗೆ ಅದು ಬಂದದ್ದು ಹೆಚ್ಚಾಗಿ 1991ರ ನಂತರ, ಟೀವಿ ಮತ್ತು ಗ್ರೀಟಿಂಗ್ ಕಾರ್ಡುಗಳ ಜೊತೆ. ಈಗ ವಿಮಾನ ನಿಲ್ದಾಣವೇ ನಮ್ಮೂರಿನ ಹೊಲಗಳಿಗೆ ಬಂದಿರುವಾಗ ಕ್ಯಾಲೆಂಡರಿನ ಒಂದು ತಾರೀಕನ್ನು ಊರಾಚೆ ನಿಲ್ಲಿಸಲು ಯಾರಿಂದಲೂ ಆಗದು.

ಇನ್ನು ಪ್ರೀತಿ. ಅದನ್ನು ನಮಗೆ ಯಾರೂ ಹೊರಗಿನಿಂದ ತಂದುಕೊಡಬೇಕಾಗಿರಲಿಲ್ಲ. ಧರ್ಮ, ಅರ್ಥ, ಮೋಕ್ಷಗಳ ಸಾಲಿನಲ್ಲೇ ಕಾಮವನ್ನೂ ಪುರುಷಾರ್ಥವೆಂದು ಎಣಿಸಿದ ನಾಡು ಇದು. ಹರ್ಷನ ‘ರತ್ನಾವಳಿ’ ನಾಟಕ ಶುರುವಾಗುವುದೇ ಊರೆಲ್ಲ ಸೇರಿ ಆಚರಿಸುವ ಮದನೋತ್ಸವದಿಂದ. ಕಾಮನ ಹುಣ್ಣಿಮೆಯಲ್ಲಿ ಕಾಮನನ್ನು ಸುಡುತ್ತೇವೆ, ಆದರೆ ರತಿಯ ಮೊರೆಗೆ ಕರಗಿ ಶಿವ ಅವನನ್ನು ಮತ್ತೆ ಬದುಕಿಸಿದ ಕಥೆಯನ್ನೂ ಜೊತೆಯಲ್ಲೇ ಹೇಳುತ್ತೇವೆ.

ದೂರದ ಮಾತೇಕೆ, ಬೇಲೂರಿಗೆ ಹೋಗಿ ಚೆನ್ನಕೇಶವ ಗುಡಿಯ ಸೂರಿನಡಿ ತಲೆಯೆತ್ತಿ ನೋಡಿ. ಅಲ್ಲಿ ಕಲ್ಲಿನಲ್ಲಿ ಕಡೆದ ಮದನಿಕೆಯರಲ್ಲಿ ಒಬ್ಬಳು ಕನ್ನಡಿ ಹಿಡಿದು ತನ್ನ ಚೆಲುವನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ. ಒಬ್ಬಳ ಸೀರೆಯನ್ನು ಕೋತಿ ಎಳೆಯುತ್ತಿದೆ, ಅವಳು ಅದನ್ನು ಗದರಿಸುತ್ತಿದ್ದಾಳೆ. ಮತ್ತೊಬ್ಬಳು ಗಿಳಿಯೊಂದಿಗೆ ಮಾತಿಗೆ ನಿಂತಿದ್ದಾಳೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ದೇವರ ಗುಡಿ ಅದು. ಹೆಣ್ಣಿನ ಯೌವನವನ್ನು ಅಲ್ಲಿ ಕತ್ತಲ ಮೂಲೆಗೆ ತಳ್ಳಿಲ್ಲ. ದೇವರಿಗೆ ಕೈಮುಗಿಯಲು ಬರುವ ಪ್ರತಿಯೊಬ್ಬರಿಗೂ ಕಾಣುವಂತೆ ಹೊರಗಡೆ ನಿಲ್ಲಿಸಿದ್ದಾರೆ. ಅತ್ತ ಚನ್ನರಾಯಪಟ್ಟಣದಿಂದ ಕೆ.ಆರ್. ಪೇಟೆ ಕಡೆ ಹೋದರೆ ಕಿಕ್ಕೇರಿ ಸಿಗುತ್ತದೆ, ಕೆ.ಎಸ್. ನರಸಿಂಹಸ್ವಾಮಿಯವರ ಊರು. 1942ರ ಅವರ ‘ಮೈಸೂರ ಮಲ್ಲಿಗೆ’ ಗಂಡಹೆಂಡಿರ ಒಲವನ್ನು ಮನೆಮನೆಯ ಹಾಡಾಗಿ ಮಾಡಿತು.

ಹೀಗಿರುವಾಗ ಸಂಸ್ಕೃತಿ ಉಳಿಸುತ್ತೇವೆಂದು ದೊಣ್ಣೆ ಹಿಡಿದು ಪಾರ್ಕಿಗೆ ನುಗ್ಗುವ ಹುಡುಗರಿಗೆ ನನ್ನದೊಂದು ಪ್ರಶ್ನೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬೊಂದರಲ್ಲಿ ಗುಂಪೊಂದು ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಅದರಿಂದ ನಮ್ಮ ಯಾವ ಸಂಸ್ಕೃತಿ ಉಳಿಯಿತು, ಹೇಳಿ? ಪರರ ಮನೆಯ ಮಗಳ ಮೇಲೆ ಕೈ ಮಾಡುವುದು ಯಾವ ಧರ್ಮದಲ್ಲೂ ಇಲ್ಲ. ಅಂಥ ಗುಂಪಿಗೆ ಸೇರಬೇಡಿ.

ಈಗ ಹೂ ಕೊಡುವವರಿಗೆ ಹೇಳಬೇಕಾದ ಮಾತು. ನನಗೆ ಹೆಚ್ಚು ನೋವು ಕೊಟ್ಟಿರುವುದು ಇದೇ.

ಊರೂರಲ್ಲಿ ನಡೆಯುವ ಕಥೆ ಇದು, ನಿಮಗೂ ಗೊತ್ತಿದೆ. ಹುಡುಗ ಮೊದಲ ವರ್ಷದಲ್ಲಿ ಗುಲಾಬಿ ಕೊಡುತ್ತಾನೆ. ಎರಡು ವರ್ಷ ಓಡಾಟ, ರಾತ್ರಿಯೆಲ್ಲ ಮೆಸೇಜು. ‘ನಿನ್ನ ಬಿಟ್ಟು ಬೇರೆಯವಳನ್ನ ಆಗಲ್ಲ’ ಅನ್ನುವ ಮಾತು. ಡಿಗ್ರಿ ಮುಗಿದು ಕೆಲಸ ಸಿಕ್ಕಿದ ಮೇಲೆ ಮನೆಯವರು ತಮ್ಮ ಜಾತಿಯ ಹುಡುಗಿಯನ್ನು ನೋಡುತ್ತಾರೆ. ಹಾಸನದಲ್ಲಿ ಒಂದು ಸೈಟು, ಇಷ್ಟು ಬಂಗಾರ ಎಂದು ಮಾತಾಗುತ್ತದೆ. ಹುಡುಗ ‘ಮನೇಲಿ ಒಪ್ಪಲ್ಲ ಕಣೇ’ ಅನ್ನುತ್ತಾನೆ, ಮಾರನೆಯ ವಾರ ನಂಬರು ಬದಲಾಗುತ್ತದೆ. ಅವನಿಗೆ ಚಪ್ಪರ ಏಳುತ್ತದೆ. ಆ ಹುಡುಗಿಯ ಹೆಸರು ಮಾತ್ರ ಬಸ್ ಸ್ಟಾಪಿನಲ್ಲಿ ಎಲ್ಲರ ಬಾಯಲ್ಲಿ. ಪ್ರೀತಿಸುವಾಗ ಕೇಳದ ಜಾತಿಯನ್ನು ಮದುವೆ ಹೊತ್ತಿಗೆ ಕೇಳುವುದು ಮೋಸ, ಮಕ್ಕಳೇ. ಪ್ರೇಮಿಗಳ ದಿನ ನಮ್ಮದೋ ಅಲ್ಲವೋ ಎಂದು ಜಗಳವಾಡುವ ನಾವು ಈ ಮೋಸ ನಮ್ಮದಲ್ಲ ಎಂದು ಯಾವತ್ತು ಗಟ್ಟಿಯಾಗಿ ಹೇಳಿದ್ದೇವೆ? ಹುಲಿಯ ಮುಂದೆಯೂ ಕೊಟ್ಟ ಮಾತಿಗೆ ತಪ್ಪದ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನೀವು. ಕೊಟ್ಟ ಮಾತು ಉಳಿಸಿಕೊಳ್ಳುವುದೇ ನಮ್ಮ ಸಂಸ್ಕೃತಿಯ ತಿರುಳು.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ತನ್ನ ಮಗಳನ್ನು ಕೊಟ್ಟ. ಅದಕ್ಕಾಗಿ ಆ ಇಬ್ಬರು ತಂದೆಯರು ದೊರೆ ಬಿಜ್ಜಳನಿಂದ ಎಳೆಹೂಟೆಯ ಶಿಕ್ಷೆ ಅನುಭವಿಸಿ ಪ್ರಾಣ ಬಿಟ್ಟರು. ಮಕ್ಕಳ ಸಂಬಂಧದ ಬೆನ್ನಿಗೆ ಹಿರಿಯರೇ ನಿಂತ ನಾಡು ಇದು. ಬಸವಣ್ಣನ ಫೋಟೊಗೆ ಹಾರ ಹಾಕಿ, ಮಗಳು ಬೇರೆ ಜಾತಿಯವನನ್ನು ಒಪ್ಪಿದಳೆಂದು ಬಾಗಿಲು ಹಾಕುವ ನನ್ನ ವಾರಿಗೆಯವರಿಗೂ ಈ ಮಾತು ಸೇರಿದೆ.

ಹುಡುಗರೇ, ಹೂ ಕೊಟ್ಟ ಮಾತ್ರಕ್ಕೆ ‘ಹೂಂ’ ಅನ್ನಲೇಬೇಕೆಂಬ ಕಟ್ಟಳೆ ಇಲ್ಲ. ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಬಸ್ಸಿನಿಂದ ಬಸ್ಸಿಗೆ ಹಿಂಬಾಲಿಸುವುದು, ಗೆಳತಿಯರ ಕೈಲಿ ಹೇಳಿಸುವುದು, ಕೈ ಕುಯ್ದುಕೊಳ್ಳುತ್ತೇನೆಂದು ಹೆದರಿಸುವುದು, ಇವು ಪ್ರೀತಿಯಲ್ಲ, ಹಿಂಸೆ. ಒಲ್ಲೆ ಎಂದ ಮೇಲೂ ಹಿಂಬಾಲಿಸುವುದು 2013ರಿಂದ ಕಾನೂನಿನಲ್ಲೂ ಅಪರಾಧ. ಹದಿನೆಂಟು ತುಂಬದ ಹುಡುಗಿ ತಾನೇ ಒಪ್ಪಿದರೂ ಕಾನೂನು ಆ ಒಪ್ಪಿಗೆಯನ್ನು ಮನ್ನಿಸುವುದಿಲ್ಲ. ಪೋಕ್ಸೊ ಕಾಯ್ದೆಯಡಿ ಒಳಗೆ ಹೋದರೆ ಓದು, ಕೆಲಸ ಎರಡೂ ಹಾಳು.

ಹೆಣ್ಣುಮಕ್ಕಳೇ, ನಿಮ್ಮ ಓದನ್ನು ಯಾವ ಗುಲಾಬಿಗೂ ಬಿಟ್ಟುಕೊಡಬೇಡಿ. ನಿಮ್ಮದೇ ಸಂಬಳ ಕೈಗೆ ಬಂದ ಮೇಲೆ ನೀವು ಆಡುವ ಮಾತಿನ ತೂಕವೇ ಬೇರೆ. ಫೋಟೊ ಕಳಿಸು ಎಂದು ಪೀಡಿಸುವವನನ್ನು ಅವತ್ತೇ ದೂರವಿಡಿ. ಯಾರಾದರೂ ಕಾಟ ಕೊಟ್ಟರೆ ಅವ್ವನಿಗೆ ಹೇಳಿ. ಹೇಳಲಾಗದಿದ್ದರೆ 181ಕ್ಕೆ ಫೋನು ಮಾಡಿ, ಅದು ಹೆಣ್ಣುಮಕ್ಕಳಿಗಾಗಿಯೇ ಇರುವ ಸಹಾಯವಾಣಿ.

ಖರ್ಚಿನ ವಿಷಯ ಎರಡೇ ಮಾತು. ಬೆಂಗಳೂರು, ಹೊಸೂರು ಸುತ್ತಿನ ಪಾಲಿಹೌಸುಗಳಲ್ಲಿ ತಾಜ್‌ಮಹಲ್ ತಳಿಯ ಕೆಂಪು ಗುಲಾಬಿ ಬೆಳೆಯುವ ರೈತರು ಈ ದಿನವನ್ನೇ ಕಾದಿರುತ್ತಾರೆ. ಅವರಿಗೆ ನಾಲ್ಕು ಕಾಸು ಬಂದರೆ ನನಗೆ ಸಂತೋಷ. ಆದರೆ ಅಪ್ಪ ಶುಂಠಿ ಮಾರಿ ಫೀಸಿಗೆಂದು ಕೊಟ್ಟ ದುಡ್ಡಿನಲ್ಲಿ ಉಡುಗೊರೆ ಕೊಳ್ಳಬೇಡಿ.

ಇಬ್ಬರೂ ಯೋಚಿಸಿ ಗಟ್ಟಿ ಮನಸ್ಸು ಮಾಡಿದ್ದರೆ ದಾರಿಗಳು ಇವೆ. ಹುಡುಗಿಗೆ 18, ಹುಡುಗನಿಗೆ 21 ತುಂಬಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸು ಕೊಟ್ಟು, ಮೂವತ್ತು ದಿನ ಕಳೆದ ಮೇಲೆ ಮದುವೆಯಾಗಬಹುದು. ಜಾತಿ, ಧರ್ಮ ಅದಕ್ಕೆ ಅಡ್ಡಿಯಿಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಆಗುವ ಮದುವೆಗೆ ಮನೆಯವರ ಅಥವಾ ಜಾತಿಯ ಅಪ್ಪಣೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕುವೆಂಪು ಹಾಕಿಕೊಟ್ಟ ಸರಳ ಮದುವೆಯ ಪದ್ಧತಿ ಮಂತ್ರಮಾಂಗಲ್ಯವಿದೆ. 1966ರಲ್ಲಿ ಅವರ ಮಗ ತೇಜಸ್ವಿ, ತಾವು ಮೆಚ್ಚಿದ ರಾಜೇಶ್ವರಿಯವರನ್ನು ಆಡಂಬರವಿಲ್ಲದೆ ಹಾಗೆಯೇ ಮದುವೆಯಾದರು.

ಆದರೂ ಓಡಿಹೋಗುವುದು ಮೊದಲ ದಾರಿಯಾಗದಿರಲಿ. ಜೀವಕ್ಕೆ ಅಪಾಯವಿಲ್ಲದ ಮನೆಯಾದರೆ ಮೊದಲು ಅವ್ವನ ಹತ್ತಿರ ಹೇಳಿ, ಆಮೇಲೆ ಅಪ್ಪನ ಮುಂದೆ ನಿಂತು ಹೇಳಿ. ಬೈದರೆ ಬೈಸಿಕೊಳ್ಳಿ, ವರ್ಷವಾದರೂ ಕಾಯಿರಿ, ಮಾತು ಮಾತ್ರ ಬದಲಾಯಿಸಬೇಡಿ. ಅಷ್ಟು ಧೈರ್ಯ ಇನ್ನೂ ಬಂದಿಲ್ಲವಾದರೆ ಯಾರಿಗೂ ಮಾತು ಕೊಡಬೇಡಿ, ಆಸೆ ಹುಟ್ಟಿಸಬೇಡಿ. ಧೈರ್ಯ ಇದ್ದರೆ ಫೆಬ್ರುವರಿ 14ರಂದೇ ಹೂ ಕೊಡಿ. ಆ ದಿನ ಎಲ್ಲಿಂದ ಬಂತೆಂದು ನಾನು ಕೇಳುವುದಿಲ್ಲ. ಮನೆಯಲ್ಲಿ ನಿಮ್ಮ ಪರವಾಗಿ ಮಾತಾಡುವ ಹಿರಿಯರೊಬ್ಬರು ಬೇಕೆನಿಸಿದರೆ ನನ್ನನ್ನು ಕರೆಯಿರಿ, ಬರುತ್ತೇನೆ.