ಕೈತೋಟದಲ್ಲಿ ಅವರೆ: ಬಿತ್ತನೆಯಿಂದ ಬೀಜದವರೆಗೆ

ನಾಟಿ ಅವರೆಯು ಹಗಲಿನ ಅವಧಿ ಕುಗ್ಗಿದ ಮೇಲೆಯೇ ಹೂ ಬಿಡುವ, ಸಸ್ಯಶಾಸ್ತ್ರದಲ್ಲಿ ಹ್ರಸ್ವದಿನ ಸಸ್ಯವೆನಿಸಿಕೊಂಡ ಬೆಳೆಯಾದುದರಿಂದ, ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಅದರ ಕಾಯಿ ಕೈಗೆ ಬರುವುದು ಮಾಗಿಯ ಚಳಿಯಲ್ಲೇ. ಬೇಗ ಬಿತ್ತಿದವರಿಗೆ ಹೆಚ್ಚುವರಿಯಾಗಿ ದಕ್ಕುವುದು ಬಳ್ಳಿ ಮತ್ತು ಸೊಪ್ಪು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹೊರತಂದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲದಿರುವುದರಿಂದ, ನೀರಿನ ಅನುಕೂಲವಿದ್ದಲ್ಲಿ ಅವುಗಳನ್ನು ಬೇರೆ ಕಾಲಗಳಲ್ಲಿಯೂ ಬೆಳೆಯಬಹುದು. ಆದರೆ ಸೊಗಡು, ಅಂದರೆ ಕಾಯಿಯ ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಅಂಶದ ಘಮ, ಬೇಕೆನ್ನುವವರಿಗೆ ಮಾಗಿಯಲ್ಲಿ ಫಲ ಕೊಡುವ ನಾಟಿ ತಳಿಯೇ ತಕ್ಕುದು.

ನೀರು ಬಸಿದು ಹೋಗುವ ಕೆಂಪು ಗೋಡುಮಣ್ಣಿನಲ್ಲಿ ಅವರೆ ಚೆನ್ನಾಗಿ ಬರುತ್ತದೆ. ಮಡಿಗೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಬೀಜಕ್ಕೆ ಬೆಲ್ಲದ ಅಂಟಿನೊಂದಿಗೆ ರೈಜೋಬಿಯಂ, ಎಂದರೆ ಬೇರುಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ, ಲೇಪಿಸಿ ನೆರಳಿನಲ್ಲಿ ಆರಿಸಿದ ನಂತರ, ಸುಮಾರು 3 ಸೆಂ.ಮೀ. ಆಳಕ್ಕೆ ಊರಬೇಕು. ಗಿಡ್ಡ ತಳಿಗಳಿಗೆ ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಅಂತರ ಸಾಕು; ಚಪ್ಪರದವರೆಗೆ ಹಬ್ಬುವ ಬಳ್ಳಿಗೆ ಇದರ ಹಲವು ಪಟ್ಟು ಜಾಗ ಬೇಕಾಗುವುದರಿಂದ ಚಿಕ್ಕ ಹಿತ್ತಲಿಗೆ ಒಂದೆರಡು ಬುಡಗಳೇ ಹೆಚ್ಚು. ಯೂರಿಯಾ ಎರಚುವ ಉತ್ಸಾಹ ಇಲ್ಲಿ ಒಳ್ಳೆಯದಲ್ಲ, ಸಾರಜನಕ ಅತಿಯಾದಷ್ಟೂ ಸೊಪ್ಪು ಸೊಕ್ಕಿ ಹೂ ಹಿಂದೆ ಬೀಳುತ್ತದೆ.

ಮೊದಲ ತಿಂಗಳು ಕಳೆ ತೆಗೆಯಬೇಕು. ಹೂ ಬಿಟ್ಟು ಕಾಯಿ ಕಟ್ಟುವಾಗ ಮಣ್ಣಿನ ತೇವ ಆರಬಾರದು. ಎಳೆ ಕುಡಿಗೂ ಹೂಗೊಂಚಲಿಗೂ ಮುತ್ತುವ ಕಪ್ಪು ಹೇನನ್ನು ನೀರು ಚಿಮ್ಮಿಸಿ ಉದುರಿಸಬಹುದು, ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಕದಡಿ ಸಂಜೆಯ ಹೊತ್ತು ಸಿಂಪಡಿಸಬೇಕು. ಕಾಯಿಕೊರಕದ ಹುಳು ಕಾಯಿಯೊಳಗೆ ಹೊಕ್ಕ ಮೇಲೆ ಯಾವ ಸಿಂಪಡಣೆಯೂ ಅದನ್ನು ಸರಿಯಾಗಿ ಮುಟ್ಟದಿರುವುದರಿಂದ, ತೂತು ಬಿದ್ದ ಕಾಯಿಗಳನ್ನು ಬೆಳಗ್ಗೆ ಕಿತ್ತು ನಾಶಪಡಿಸುವುದೇ ಕೈತೋಟದ ಮಟ್ಟಿಗೆ ನಂಬತಕ್ಕ ಉಪಾಯ.

ಸಿಪ್ಪೆ ಹಸಿರಾಗಿದ್ದು ಒಳಗಿನ ಕಾಳು ಉಬ್ಬಿದಾಗ ಕೊಯ್ಯಬೇಕು; ಹಿತುಕಿದ ಬೇಳೆಗೂ ಇಂಥ ಕಾಳೇ ಆಗಬೇಕು. ಒಣಗಿದ ಕಾಳಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶಗಳಿರುವ ಕಾರಣ ಅದನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಮುಂದಿನ ವರ್ಷದ ಬೀಜಕ್ಕಾಗಿ ರೋಗವಿಲ್ಲದ ಗಿಡವೊಂದರ ಕಾಯಿಗಳನ್ನು ಗಿಡದಲ್ಲೇ ಒಣಗಲು ಬಿಟ್ಟು, ಬಿಡಿಸಿದ ಕಾಳನ್ನು ಬಿಸಿಲಿಗೆ ಹಾಕಿ, ಕುಟ್ಟೆ ಹುಳು ಹಿಡಿಯದಂತೆ ಒಲೆಯ ಬೂದಿ ಬೆರೆಸಿ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಬೇಕು.