ಅಭಿವೃದ್ಧಿ ಅಧ್ಯಯನದ ಪದವೀಧರರಿಗೆ ಉದ್ಯೋಗಾವಕಾಶ

ಅಭಿವೃದ್ಧಿ ಅಧ್ಯಯನ ಮಾಡಿದವರಿಗೆ ಸರ್ಕಾರಿ ನೌಕರಿಯೊಂದೇ ಗತಿಯೆಂಬ ಭಾವನೆ ವರ್ತಕ ಕುಟುಂಬಗಳಲ್ಲಿದೆ. ಅದು ಸರಿಯಲ್ಲ. ಮುಖ್ಯ ಮಾರ್ಗಗಳು ಮೂರು:

1. ಸಾಮಾಜಿಕ ಹೊಣೆಗಾರಿಕೆ: 2013ರ ಕಂಪನಿ ಕಾಯ್ದೆಯ 135ನೇ ಕಲಮಿಗೆ ಒಳಪಡುವ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಯೋಜನೆ ರೂಪಿಸಿ ಫಲಿತಾಂಶ ಅಳೆಯುವವರು ಅಲ್ಲಿ ಅವಶ್ಯ.

2. ಉತ್ಪಾದಕರ ಕಂಪನಿ: 10 ಮಂದಿ ಉತ್ಪಾದಕರು ಕೂಡಿ ಇದನ್ನು ಸ್ಥಾಪಿಸಬಹುದು, ನಡೆಸಲು ವ್ಯವಸ್ಥಾಪಕರು ಬೇಕು.

3. ಭೌಗೋಳಿಕ ಸೂಚಕ: ಇಳಕಲ್ ಸೀರೆಗೆ ಈ ಮಾನ್ಯತೆಯಿದೆ. ಆದರೆ ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಳ್ಳದ ನೇಕಾರನಿಗೆ ಅದರ ಹಕ್ಕು ದೊರೆಯದು. ನೋಂದಣಿ ಮಾಡಿಸಿ, ದೂರದ ಮಾರುಕಟ್ಟೆ ಹುಡುಕಿಕೊಡುವುದೂ ಒಂದು ವೃತ್ತಿಯೇ.

ಈ ಮೂರಕ್ಕೂ ಲೆಕ್ಕಪತ್ರದ ಜ್ಞಾನ ಅನಿವಾರ್ಯ. ಕಿರ್ದಿ, ಖಾತೆಗಳ ನಡುವೆ ಬೆಳೆದ ಇಳಕಲ್, ಬಾಗಲಕೋಟೆಗಳ ಮಕ್ಕಳಿಗೆ ಅದು ಮನೆಯಲ್ಲಿಯೇ ದೊರೆತ ವಿದ್ಯೆ.